ಒಂದೇ ಕೊಳವೆಯ ಗಡಸು ನೀರು ಪಕ್ಕದ ಮನೆಯ ಗೀಸರನ್ನು ಬಿಟ್ಟು ನಮ್ಮದನ್ನೇ ಏಕೆ ಕೆಡಿಸುತ್ತದೆ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ 40 ಮನೆಗಳಿವೆ. ಎರಡು ವರ್ಷಗಳ ಹಿಂದೆ ನದಿ ನೀರಿನ ಬದಲು ಅಂತರ್ಜಲವನ್ನು ಪೂರೈಸಲು ಆರಂಭಿಸಿದರು. ಅಂದಿನಿಂದ ನಲ್ಲಿಗಳ ಮೂತಿಯಲ್ಲಿ ಬಿಳಿಯ ಪದರ ಕಟ್ಟುತ್ತಿದೆ, ಷವರಿನ ತೂತುಗಳು ಮುಚ್ಚಿಕೊಳ್ಳುತ್ತಿವೆ, ಒಗೆದ ಬಟ್ಟೆಗಳು ಬಿರುಸಾಗುತ್ತಿವೆ. ನಮ್ಮ ಗೀಸರಿನ ಮೊದಲ ಕಾಯಿಲ್ 14 ತಿಂಗಳಿಗೆ ಸುಟ್ಟಿತು, ಬದಲಿಸಿದ ಎರಡನೆಯದು ಆರೇ ತಿಂಗಳಿಗೆ ಹೋಯಿತು. ಪಕ್ಕದ ಮನೆಯವರ ಹಳೆಯ ಗೀಸರಿಗೆ ಮಾತ್ರ ಏನೂ ಆಗಿಲ್ಲ. ಟಿಡಿಎಸ್ ಮೀಟರ್ 520 ತೋರಿಸುತ್ತದೆ. ಪ್ರಯೋಗಾಲಯದ ವರದಿಯನ್ನು ಲಗತ್ತಿಸಿದ್ದೇನೆ. ಈ ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆಯೆ? ಎಲ್ಲ ಮನೆಗಳಿಗೂ ಸೇರಿ ನೀರನ್ನು ಮೆದುವಾಗಿಸುವ ಒಂದು ದೊಡ್ಡ ಸಾಫ್ಟನರ್ ಹಾಕಿಸೋಣವೆಂದು ಕೆಲವರು, ಮನೆಮನೆಗೆ ಆರ್‌ಒ ಸಾಕೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಪಕ್ಕದ ಮನೆಯ ಗೀಸರ್ ಇನ್ನೂ ಗಟ್ಟಿಯಾಗಿದೆ ಎಂಬುದನ್ನು ನೀವು ಬೇಸರದಿಂದ ಬರೆದಿರಬಹುದು, ಆದರೆ ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಕೀಲಿಕೈ ಇರುವುದು ಆ ಮಾತಿನಲ್ಲಿಯೇ. ಎರಡೂ ಮನೆಗೆ ಬರುವುದು ಒಂದೇ ನೀರು. ಗಡಸು ನೀರು ತಣ್ಣಗೆ ತನ್ನ ಪಾಡಿಗೆ ಹರಿಯುತ್ತಿರುವಷ್ಟು ಹೊತ್ತು ಯಾರಿಗೂ ಹೇಳಿಕೊಳ್ಳುವಂತಹ ತೊಂದರೆ ಕೊಡುವುದಿಲ್ಲ; ಕಾದಾಗ, ಒಣಗಿದಾಗ ಅಥವಾ ಸಾಬೂನನ್ನು ಕೂಡಿದಾಗ ಮಾತ್ರ ಅದರ ಗುಣ ಹೊರಬೀಳುತ್ತದೆ. ಹೀಗಾಗಿ ಒಂದು ಮನೆಗೆ ಎಷ್ಟು ಹಾನಿಯಾಗುತ್ತದೆ ಎಂಬುದು ನೀರಿನ ಗಡಸುತನವನ್ನು ಅವಲಂಬಿಸಿರುವಂತೆಯೇ ಆ ಮನೆಯವರು ನೀರನ್ನು ಎಷ್ಟು ಕಾಯಿಸುತ್ತಾರೆ, ಎಷ್ಟು ಹೊತ್ತು ಕಾದ ಸ್ಥಿತಿಯಲ್ಲಿ ಇಟ್ಟಿರುತ್ತಾರೆ ಎಂಬುದನ್ನೂ ಅವಲಂಬಿಸಿರುತ್ತದೆ. ಚಿಕಿತ್ಸೆಯನ್ನೂ ಇದೇ ಲೆಕ್ಕದಲ್ಲಿ ಯೋಚಿಸಬೇಕು: ಬರುವ ನೀರನ್ನೆಲ್ಲ ಮೆದುವಾಗಿಸುವ ಅಗತ್ಯವಿಲ್ಲ, ತೊಂದರೆ ಹುಟ್ಟುವ ಜಾಗದಲ್ಲಿ ಮಾತ್ರ ಕ್ರಮ ಕೈಗೊಂಡರೆ ಸಾಕು.

ಮಳೆಯ ನೀರು ಹುಟ್ಟಿನಿಂದ ಮೆದು. ಅದು ಗಾಳಿಯಿಂದ ಸ್ವಲ್ಪ, ಬೇರು ಮತ್ತು ಸೂಕ್ಷ್ಮಜೀವಿಗಳು ಉಸಿರಾಡುವ ಮಣ್ಣಿನ ಪದರದಿಂದ ಹೆಚ್ಚಾಗಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ಆಮ್ಲೀಯ ನೀರು ಸುಣ್ಣಕಲ್ಲು, ಡಾಲಮೈಟ್ ಮೊದಲಾದ ಕಲ್ಲುಗಳ ನಡುವೆ ಜಿನುಗುತ್ತ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಇವು ಕರಗಿರುವುದೇ ನೀರಿನ ಗಡಸುತನ. ನದಿಯ ನೀರಿಗೆ ಕಲ್ಲಿನ ಸಹವಾಸ ಸಾಮಾನ್ಯವಾಗಿ ಕಡಿಮೆ, ಅಂತರ್ಜಲಕ್ಕೆ ವರ್ಷಗಟ್ಟಲೆಯ ಸಹವಾಸ. ಮೂಲ ಬದಲಾದೊಡನೆ ನಿಮ್ಮ ನಲ್ಲಿಗಳು ಬೆಳ್ಳಗಾಗಿದ್ದು ಇದರಿಂದಲೇ. ನೆಲದಡಿಯಲ್ಲಿ ನಡೆದ ಈ ಕ್ರಿಯೆ ನಿಮ್ಮ ಗೀಸರಿನಲ್ಲಿ ಹಿಮ್ಮುಖವಾಗಿ ನಡೆಯುತ್ತದೆ. ನೀರು ಕಾದಂತೆ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗುತ್ತದೆ, ಬೈಕಾರ್ಬೊನೇಟ್ ಒಡೆಯುತ್ತದೆ, ಕರಗಿದ್ದ ಕಲ್ಲು ಮತ್ತೆ ಕಲ್ಲಾಗಿ ಕೂರುತ್ತದೆ. ಸಕ್ಕರೆ, ಉಪ್ಪುಗಳು ಬಿಸಿ ನೀರಿನಲ್ಲಿ ಹೆಚ್ಚು ಕರಗುವುದನ್ನು ಕಂಡ ನಮಗೆ ಇದು ವಿಚಿತ್ರವೆನಿಸಬಹುದು, ಆದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುವ ವಸ್ತು.

ಈಗ ನಿಮ್ಮ ವರದಿಗೆ ಬರೋಣ. ಅದರಲ್ಲಿ ಒಟ್ಟು ಗಡಸುತನ ಲೀಟರಿಗೆ 340 ಮಿಲಿಗ್ರಾಂ, ಕ್ಯಾಲ್ಸಿಯಂ 96, ಮೆಗ್ನೀಸಿಯಂ 24, ಕ್ಷಾರೀಯತೆ, ಅಂದರೆ ಹೆಚ್ಚಾಗಿ ಬೈಕಾರ್ಬೊನೇಟಿನ ಅಳತೆ, 260 ಎಂದಿದೆ. ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳುವುದರಿಂದ, ಕ್ಯಾಲ್ಸಿಯಂ ಅಂಕಿಯನ್ನು 2.5ರಿಂದಲೂ ಮೆಗ್ನೀಸಿಯಂ ಅಂಕಿಯನ್ನು 4.1ರಿಂದಲೂ ಗುಣಿಸಿ ಕೂಡಿದರೆ ಒಟ್ಟು ಗಡಸುತನ ಸಿಗಬೇಕು. ನಿಮ್ಮದರಲ್ಲಿ 240 ಮತ್ತು 98 ಸೇರಿ 338 ಆಗುವುದರಿಂದ ವರದಿಯನ್ನು ನಂಬಬಹುದು. ಯಾವ ವರದಿ ಕೈಗೆ ಬಂದರೂ ಮೊದಲು ಈ ಕೂಡಿಕೆಯನ್ನು ಮಾಡಿ ನೋಡುವುದು ನನ್ನ ಅಭ್ಯಾಸ, ಏಕೆಂದರೆ ತಾಳೆಯಾಗದ ವರದಿಗಳನ್ನು ಬೇಕಾದಷ್ಟು ಕಂಡಿದ್ದೇನೆ. ಹೆಚ್ಚು ಬಳಕೆಯಲ್ಲಿರುವ ಒಂದು ವರ್ಗೀಕರಣದಂತೆ 60ರವರೆಗೆ ಮೆದು, 120ರವರೆಗೆ ಸಾಧಾರಣ ಗಡಸು, 180ರವರೆಗೆ ಗಡಸು, ಅದರ ಮೇಲೆ ಅತಿ ಗಡಸು. ನಿಮ್ಮದು ನಿಸ್ಸಂದೇಹವಾಗಿ ಕೊನೆಯ ಗುಂಪಿಗೆ ಸೇರುತ್ತದೆ. ಆದರೆ ನಿಮ್ಮ ಗೀಸರಿಗೆ ಸಂಬಂಧಿಸಿದ ಅಂಕಿ 340 ಅಲ್ಲ, 260. ಕ್ಷಾರೀಯತೆಗೆ ಸರಿಸಮನಾದ ಈ ಪಾಲನ್ನು ತಾತ್ಕಾಲಿಕ ಗಡಸುತನ ಎನ್ನುತ್ತಾರೆ. ಕಾಯಿಸಿದರೆ ಹಕ್ಕಳೆಯಾಗಿ ಹೊರಬೀಳುವುದು ಇದೇ. ಉಳಿದ 80 ಸಲ್ಫೇಟ್, ಕ್ಲೋರೈಡುಗಳ ಜೊತೆಗಿರುವ ಶಾಶ್ವತ ಗಡಸುತನ, ಅದು ಎಷ್ಟು ಕುದಿಸಿದರೂ ನೀರಿನಲ್ಲಿಯೇ ಉಳಿಯುತ್ತದೆ.

ಟಿಡಿಎಸ್ ಮೀಟರಿನ 520 ಎಂಬ ಅಂಕಿಯನ್ನು ಗಡಸುತನದ ಚರ್ಚೆಯಿಂದ ಹೊರಗಿಡುವುದು ಒಳ್ಳೆಯದು. ಆ ಪುಟ್ಟ ಉಪಕರಣ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು; ಅದರಿಂದ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡುತ್ತದೆಯೇ ಹೊರತು ಅವುಗಳಲ್ಲಿ ಕ್ಯಾಲ್ಸಿಯಂ ಎಷ್ಟು, ಅಡುಗೆ ಉಪ್ಪೆಷ್ಟು ಎಂದು ಹೇಳಲಾರದು. ಸಾಫ್ಟನರಿನಿಂದ ಹೊರಬಂದ ನೀರಿಗೆ ಮೀಟರ್ ಅದ್ದಿ, ಅಂಕಿ ಇಳಿಯಲಿಲ್ಲವೆಂದು ಮಾರಾಟಗಾರರೊಡನೆ ಜಗಳಕ್ಕೆ ನಿಂತವರಿದ್ದಾರೆ. ಅಂಕಿ ಇಳಿಯುವುದೇ ಇಲ್ಲ, ಏಕೆಂದರೆ ಅಲ್ಲಿ ಪ್ರತಿ 40 ಮಿಲಿಗ್ರಾಂ ಕ್ಯಾಲ್ಸಿಯಂ ಹೋಗಿ ಅದರ ಜಾಗಕ್ಕೆ 46 ಮಿಲಿಗ್ರಾಂ ಸೋಡಿಯಂ ಬಂದಿರುತ್ತದೆ. ಗಡಸುತನವನ್ನು ತಿಳಿಯಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ ಪರೀಕ್ಷೆ ಬೇಕು. ನೀರಿನ ಮಾದರಿಗೆ ಸೂಚಕವನ್ನು ಸೇರಿಸಿದಾಗ ಅದು ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ. ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದಂತೆ ಕೆಂಪು ನೇರಳೆಯಾಗಿ, ಮತ್ತೊಂದೇ ಹನಿಗೆ ತಟಕ್ಕನೆ ಶುದ್ಧ ನೀಲಿಯಾಗುತ್ತದೆ. ಆ ಹನಿಗಳ ಲೆಕ್ಕವೇ ಗಡಸುತನದ ಲೆಕ್ಕ. ಇದೇ ತತ್ತ್ವದ ಸಣ್ಣ ಕಿಟ್‌ಗಳು ಮನೆಬಳಕೆಗೂ ದೊರೆಯುತ್ತವೆ.

ನಿಮ್ಮ ಮನೆಯಲ್ಲಿ ದಿನಕ್ಕೆ 100 ಲೀಟರ್ ನೀರು ಗೀಸರಿನಲ್ಲಿ ಕಾಯುತ್ತದೆ ಎಂದುಕೊಳ್ಳಿ. ಅದರಲ್ಲಿ ಕಲ್ಲಾಗಬಲ್ಲ ವಸ್ತು 26 ಗ್ರಾಂ, ವರ್ಷಕ್ಕೆ ಒಂಬತ್ತೂವರೆ ಕಿಲೋ. ಎಲ್ಲವೂ ಅಲ್ಲಿಯೇ ಕೂರುವುದಿಲ್ಲ, ಬಹುಪಾಲು ನೀರಿನೊಡನೆ ಹೊರಗೆ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಕೂತರೂ ವರ್ಷದ ಕೊನೆಗೆ ಕಿಲೋದಷ್ಟು ಕಲ್ಲು ಒಳಗಿರುತ್ತದೆ. ಎಷ್ಟು ಪಾಲು ಕೂರುತ್ತದೆ ಎಂಬುದನ್ನು ತೀರ್ಮಾನಿಸುವುದು ಬಿಸಿ. ಸುಮಾರು 60 ಡಿಗ್ರಿ ದಾಟಿದ ಮೇಲೆ ಹಕ್ಕಳೆ ಕಟ್ಟುವ ವೇಗ ಎದ್ದುಕಾಣುವಂತೆ ಏರುತ್ತದೆ, ಮತ್ತು ಕಾಯಿಲ್‌ನ ಮೈ ಸುತ್ತಲಿನ ನೀರಿಗಿಂತ ಯಾವಾಗಲೂ ಹೆಚ್ಚು ಬಿಸಿಯಿರುವುದರಿಂದ ಮೊದಲ ಪದರ ಅಂಟುವುದು ಅಲ್ಲಿಯೇ. ಪಕ್ಕದ ಮನೆಯವರನ್ನು ಒಮ್ಮೆ ವಿಚಾರಿಸಿ: ಅವರ ಥರ್ಮೋಸ್ಟಾಟ್ ಎಷ್ಟಕ್ಕಿದೆ, ಗೀಸರನ್ನು ಬೇಕಾದಾಗ ಮಾತ್ರ ಹಾಕಿ ಆರಿಸುತ್ತಾರೆಯೆ ಅಥವಾ ದಿನವಿಡೀ ಹಾಗೆಯೇ ಬಿಡುತ್ತಾರೆಯೆ, ಮನೆಯಲ್ಲಿ ಎಷ್ಟು ಜನರಿದ್ದಾರೆ, ಮಳೆನೀರನ್ನು ತೊಟ್ಟಿಗೆ ಬಿಟ್ಟುಕೊಳ್ಳುತ್ತಾರೆಯೆ. ಅವರ ಗೀಸರಿನ ದೀರ್ಘಾಯುಷ್ಯದ ಗುಟ್ಟು ಈ ನಾಲ್ಕರಲ್ಲಿ ಒಂದರಲ್ಲಿ ಸಿಗುವ ಸಾಧ್ಯತೆ ಬಹಳ.

ಸುಟ್ಟ ಕಾಯಿಲ್ ಒಂದನ್ನು ಅಡ್ಡಲಾಗಿ ಕುಯ್ದು ನೋಡಿದರೆ ಸುಡಲು ಕಾರಣವೇನೆಂದು ಕಣ್ಣಿಗೇ ಕಾಣುತ್ತದೆ. ಹೊರಗಿನ ಪದರ ಬೆರಳಿಗೆ ಪುಡಿಯಾಗಿ ಬರುವಷ್ಟು ಸಡಿಲ, ಸುಣ್ಣದಂತೆ ಬಿಳಿ. ಒಳಗೆ ಹೋದಂತೆ ಮರದ ಕಾಂಡದ ಬಳೆಗಳ ಹಾಗೆ ಒಂದರ ಒಳಗೊಂದು ಬೂದುಬಣ್ಣದ ಪದರಗಳು, ಲೋಹಕ್ಕೆ ತಾಗಿದ ಪದರವಂತೂ ಉಗುರಿಗಲ್ಲ, ಚಾಕುವಿಗೂ ಜಗ್ಗದು. ಈ ಹಕ್ಕಳೆಗೆ ಶಾಖ ದಾಟಿಸುವ ಶಕ್ತಿ ತಾಮ್ರಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಕಡಿಮೆ. ಒಳಗೆ ಹುಟ್ಟಿದ ಶಾಖ ಹೊರಗೆ ಹೋಗಲಾಗದೆ ಕಾಯಿಲ್ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಹಕ್ಕಳೆ ಕಟ್ಟಿದರೆ ವಿದ್ಯುತ್ ಖರ್ಚು ಎರಡು ಪಟ್ಟಾಗುತ್ತದೆ ಎಂದು ಸಾಫ್ಟನರ್ ಮಾರುವವರು ಹೇಳುವುದುಂಟು. ಗ್ಯಾಸಿನಿಂದ ಕಾಯಿಸುವ ಉಪಕರಣದಲ್ಲಿ ಶಾಖ ಹೊಗೆಯೊಡನೆ ಹೊರಟುಹೋಗುವುದರಿಂದ ಇಂಧನ ನಿಜಕ್ಕೂ ವ್ಯರ್ಥವಾಗುತ್ತದೆ. ಆದರೆ ನೀರಿನಲ್ಲಿಯೇ ಮುಳುಗಿರುವ ವಿದ್ಯುತ್ ಕಾಯಿಲ್‌ನ ಶಾಖಕ್ಕೆ ನೀರನ್ನು ಬಿಟ್ಟರೆ ಬೇರೆ ದಾರಿಯಿಲ್ಲ, ಅದು ತಡವಾಗಿಯಾದರೂ ನೀರನ್ನೇ ಸೇರುತ್ತದೆ. ಅಲ್ಲಿ ನಷ್ಟವಾಗುವುದು ಮುಖ್ಯವಾಗಿ ಕಾಯಿಲ್, ವಿದ್ಯುತ್ತಲ್ಲ.

ಹಾಗಾದರೆ ಥರ್ಮೋಸ್ಟಾಟನ್ನು ಎಷ್ಟಾದರೂ ಇಳಿಸಬಹುದೆ ಎಂದರೆ, ಇಲ್ಲ. 25ರಿಂದ 45 ಡಿಗ್ರಿಯ ನಡುವೆ ನಿಂತ ನೀರಿನಲ್ಲಿ ಲೀಜಿಯೋನೆಲ್ಲ ಎಂಬ, ಶ್ವಾಸಕೋಶಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಬಿಸಿನೀರನ್ನು ಸಂಗ್ರಹಿಸಿಡುವ ತೊಟ್ಟಿ 60 ಡಿಗ್ರಿಯ ಮಟ್ಟದಲ್ಲಿರಬೇಕೆಂಬ ಸಲಹೆ ಇರುವುದು ಈ ಕಾರಣಕ್ಕೆ. ಆದ್ದರಿಂದ 75 ಅಥವಾ 80ಕ್ಕೆ ಇಟ್ಟಿದ್ದರೆ 60ಕ್ಕೆ ತನ್ನಿ, ಅದಕ್ಕಿಂತ ಕೆಳಗೆ ಬೇಡ. ಬಳಸುವ ಹೊತ್ತಿಗೆ ಸ್ವಲ್ಪ ಮುಂಚೆ ಹಾಕಿ, ಬಳಸಿದ ಮೇಲೆ ಆರಿಸಿ. ಇಷ್ಟರಿಂದಲೇ ಕಾಯಿಲ್‌ನ ಆಯುಷ್ಯ ಗಮನಾರ್ಹವಾಗಿ ಹೆಚ್ಚುತ್ತದೆ.

ನಲ್ಲಿ, ಷವರ್, ಕೆಟಲ್‌ಗಳ ಮೇಲೆ ಕಟ್ಟಿದ ಪದರಕ್ಕೆ ದುರ್ಬಲ ಆಮ್ಲವೇ ಮದ್ದು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಹಾಕಿ ಷವರಿನ ತಲೆಯನ್ನು ಬಿಚ್ಚಿ ಅರ್ಧ ಗಂಟೆ ಮುಳುಗಿಸಿಡಿ. ಮೇಲೇಳುವ ಗುಳ್ಳೆಗಳು ನೆಲದಡಿಯಲ್ಲಿ ಕಲ್ಲನ್ನು ಕರಗಿಸಿದ್ದ ಅದೇ ಇಂಗಾಲದ ಡೈಆಕ್ಸೈಡ್. ಗುಳ್ಳೆ ನಿಂತಿದ್ದರೂ ಪದರ ಉಳಿದಿದ್ದರೆ ಆಮ್ಲ ತೀರಿದೆ ಎಂದರ್ಥ, ಹೊಸದಾಗಿ ಕಲಸಿಕೊಳ್ಳಬೇಕು. ಈ ದ್ರಾವಣವನ್ನು ಕುದಿಸಬಾರದು, ಕುದಿಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪದರ ಕೂರುತ್ತದೆ. ಅಮೃತಶಿಲೆಯ ಮೇಲೆ ಯಾವ ಆಮ್ಲವನ್ನೂ ಹಾಕಬೇಡಿ, ಆ ಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ ಆದ್ದರಿಂದ ಹಕ್ಕಳೆಯೊಡನೆ ಅದೂ ಕರಗುತ್ತದೆ. ಶೌಚಾಲಯಕ್ಕೆ ಬಳಸುವ ಪ್ರಬಲ ಆಮ್ಲದಿಂದ ನಲ್ಲಿಗಳನ್ನು ತೊಳೆದರೆ ಪದರ ಹೋಗುವುದು ನಿಜ, ಆದರೆ ನಲ್ಲಿಯ ಕ್ರೋಮ್ ಹೊಳಪೂ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವುದೇ ಆಮ್ಲವನ್ನು ಬ್ಲೀಚಿನೊಡನೆ ಬೆರೆಸಕೂಡದು. ಹೊರಬರುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲುಮನೆಯಲ್ಲಿ ಪ್ರಾಣಕ್ಕೆ ಎರವಾಗಬಹುದು.

ಬಟ್ಟೆ ಬಿರುಸಾಗುವ ಕಥೆ ಬೇರೆ. ಸಾಬೂನು ಎಂದರೆ ಕೊಬ್ಬಿನಾಮ್ಲದ ಸೋಡಿಯಂ ಲವಣ. ಅದು ಕ್ಯಾಲ್ಸಿಯಂ ಸಿಕ್ಕೊಡನೆ ಸೋಡಿಯಮನ್ನು ಬಿಟ್ಟು ಅದರ ಜೊತೆ ಸೇರಿ, ನೀರಿನಲ್ಲಿ ಕರಗದ ಜಿಡ್ಡಾಗುತ್ತದೆ. ಬಕೆಟಿನ ಅಂಚಿನ ಬೂದು ಗೆರೆ, ಟವೆಲಿನ ಒರಟುತನ, ಸ್ನಾನದ ಬಳಿಕ ಮೈ ಜಿಗಿಜಿಗಿ ಎನ್ನುವುದು ಎಲ್ಲವೂ ಇದರ ಕೆಲಸ. ನೀರಿನಲ್ಲಿರುವ ಕ್ಯಾಲ್ಸಿಯಂ ಎಲ್ಲ ಹೀಗೆ ತೀರುವವರೆಗೆ ನೊರೆ ಏಳುವುದಿಲ್ಲ. ಈಗಿನ ಡಿಟರ್ಜೆಂಟುಗಳು ಈ ಬಲೆಗೆ ಅಷ್ಟಾಗಿ ಬೀಳುವುದಿಲ್ಲ, ಆದರೂ ನಿಮ್ಮ ನೀರಿಗೆ ಪೊಟ್ಟಣದ ಮೇಲೆ ಗಡಸು ನೀರಿಗೆಂದು ಸೂಚಿಸಿದ ಪ್ರಮಾಣವನ್ನೇ ಬಳಸಬೇಕು. ನೆನೆಸುವ ನೀರಿಗೆ ಮೊದಲು ಸ್ವಲ್ಪ ವಾಷಿಂಗ್ ಸೋಡಾ ಹಾಕಿದರೆ ಕ್ಯಾಲ್ಸಿಯಂ ಬೇರ್ಪಟ್ಟು ಡಿಟರ್ಜೆಂಟಿನ ಬಹುಪಾಲು ಉಳಿಯುತ್ತದೆ. ಉಣ್ಣೆ ಮತ್ತು ರೇಷ್ಮೆಗೆ ಮಾತ್ರ ಇದು ಸಲ್ಲದು.

ಕುಡಿಯುವ ವಿಷಯದಲ್ಲಿ ನಿಮ್ಮ ಆತಂಕ ಸಹಜ, ಆದರೆ ನೆಲೆಯಿಲ್ಲದ್ದು. ಗೀಸರಿನಲ್ಲಿ ಕಲ್ಲು ಕಟ್ಟುವ ನೀರು ಹೊಟ್ಟೆಯಲ್ಲಿಯೂ ಕಲ್ಲು ಕಟ್ಟಬೇಕು ಎಂಬ ತರ್ಕ ಕೇಳಲು ಸರಿಯೆನಿಸುತ್ತದೆ, ಆದರೆ ದೇಹ ಗೀಸರಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನ ಗಡಸುತನಕ್ಕೆ ಆರೋಗ್ಯದ ಆಧಾರದ ಮೇಲೆ ಯಾವ ಮಿತಿಯನ್ನೂ ವಿಧಿಸಿಲ್ಲ. ನಿಮ್ಮ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ಸಿಗುವುದು ಸುಮಾರು 190 ಮಿಲಿಗ್ರಾಂ ಕ್ಯಾಲ್ಸಿಯಂ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು 1,000 ಮಿಲಿಗ್ರಾಂನಷ್ಟು. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನಿಂದಾದವು ಎಂಬುದು ನಿಜ. ಆದರೆ ಆಹಾರದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. 45,000ಕ್ಕೂ ಹೆಚ್ಚು ಪುರುಷರನ್ನು ನಾಲ್ಕು ವರ್ಷ ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದವರಿಗೆ ಕಲ್ಲಿನ ತೊಂದರೆ ಕಡಿಮೆಯಿತ್ತು. ಗಡಸು ನೀರೆಂದು ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಆಗುವ ಅಪಾಯ ಹೆಚ್ಚು. ಈಗಾಗಲೇ ಕಲ್ಲಿನ ತೊಂದರೆ ಇರುವವರು ತಮ್ಮ ವೈದ್ಯರ ಮಾತಿನಂತೆ ನಡೆಯಬೇಕು. ಚರ್ಮದ ಬಗೆಗೂ ಒಂದು ಮಾತು: ಗಡಸು ನೀರಿನ ಪ್ರದೇಶಗಳಲ್ಲಿ ಮಕ್ಕಳ ಇಸುಬು ಹೆಚ್ಚೆಂದು ಕೆಲವು ಸಮೀಕ್ಷೆಗಳು ಹೇಳಿದ್ದವು, ಆದರೆ ಇಂಗ್ಲೆಂಡಿನಲ್ಲಿ ಇಸುಬಿದ್ದ 336 ಮಕ್ಕಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನೆಗೆ ಸಾಫ್ಟನರ್ ಹಾಕಿದ್ದರಿಂದ ಹೆಚ್ಚಿನ ಗುಣ ಕಾಣಲಿಲ್ಲ. ಜಿಡ್ಡು ಕಟ್ಟದ ಮೃದು ಕ್ಲೆನ್ಸರ್ ಬಳಸುವುದು ಮತ್ತು ಮೈಯನ್ನು ಚೆನ್ನಾಗಿ ತೊಳೆದುಕೊಳ್ಳುವುದು ಅದಕ್ಕಿಂತ ಸುಲಭದ ದಾರಿ.

ಈಗ ಬಡಾವಣೆಯ ದೊಡ್ಡ ಸಾಫ್ಟನರ್. ಇದರೊಳಗೆ ರೆಸಿನ್ ಎಂಬ ರಾಳದ ಸಣ್ಣ ಮಣಿಗಳಿರುತ್ತವೆ. ಅವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ, ತುಂಬಿದಾಗ ಅವನ್ನು ಉಪ್ಪುನೀರಿನಿಂದ ತೊಳೆದು ಮತ್ತೆ ಸಿದ್ಧಗೊಳಿಸಬೇಕು. ಸಾಧನ ಒಳ್ಳೆಯದೇ, ನನ್ನ ತಕರಾರು ಲೆಕ್ಕದ್ದು. ಮನೆಗೆ ದಿನಕ್ಕೆ 500 ಲೀಟರಿನಂತೆ 40 ಮನೆಗೆ 20,000 ಲೀಟರ್. ಅದರಲ್ಲಿನ ಗಡಸುತನ 6.8 ಕಿಲೋ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನವನ್ನು ಹಿಡಿಯುತ್ತದೆ, ಅದನ್ನು ತೊಳೆಯಲು ಸುಮಾರು 120 ಗ್ರಾಂ ಉಪ್ಪು ಬೇಕು. ಹಾಗೆ ನೋಡಿದರೆ ದಿನಕ್ಕೆ 16 ಕಿಲೋ, ವರ್ಷಕ್ಕೆ ಹೆಚ್ಚುಕಡಿಮೆ ಆರು ಟನ್ ಉಪ್ಪು. ಇದಿಷ್ಟೂ ಕರಗಿ ಚರಂಡಿಗೆ ಹೋಗುತ್ತದೆ, ಇಲ್ಲವೆ ಮಣ್ಣಿಗೆ ಇಂಗಿ ನೀವು ಈಗ ಕುಡಿಯುತ್ತಿರುವ ಅಂತರ್ಜಲವನ್ನೇ ಸೇರುತ್ತದೆ. ಗಡಸುತನ ಹೋಗಲೆಂದು ನೀರಿಗೆ ಉಪ್ಪು ತುಂಬುವ ಈ ವ್ಯವಹಾರ ನನಗೆ ಒಪ್ಪಿಗೆಯಿಲ್ಲ, ಅದರಲ್ಲೂ ಆ ಮೆದು ನೀರಿನ ಬಹುಪಾಲು ಶೌಚಾಲಯಕ್ಕೆ, ನೆಲ ತೊಳೆಯುವುದಕ್ಕೆ, ಗಿಡಗಳಿಗೆ ಹೋಗುವಾಗ. ಗಿಡಗಳಿಗಂತೂ ಸೋಡಿಯಂ ತುಂಬಿದ ನೀರಿಗಿಂತ ಗಡಸು ನೀರೇ ವಾಸಿ. ನಿಮ್ಮ ನೀರನ್ನು ಪೂರ್ತಿ ಮೆದುಗೊಳಿಸಿದರೆ ಲೀಟರಿಗೆ 156 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರುತ್ತದೆ. ಉಪ್ಪು ಕಡಿಮೆ ಮಾಡಬೇಕಾದ ರಕ್ತದೊತ್ತಡದವರಿಗೆ, ಹಸುಗೂಸುಗಳ ಪುಡಿಹಾಲಿಗೆ ಅಂತಹ ನೀರು ತಕ್ಕುದಲ್ಲ.

ಹಾಗಾಗಿ ಸಾಫ್ಟನರ್ ಬೇಕೆನ್ನುವ ಮನೆಗಳು ಗೀಸರಿಗೂ ವಾಷಿಂಗ್ ಮಷೀನಿಗೂ ಹೋಗುವ ಕೊಳವೆಗೆ ಮಾತ್ರ ಸಣ್ಣದೊಂದನ್ನು ಹಾಕಿಸಲಿ. ದಿನಕ್ಕೆ 150 ಲೀಟರ್ ಎಂದರೆ 25 ಲೀಟರ್ ರೆಸಿನ್ ಮೂರು ವಾರ ದಾಟಿ ಬಾಳುತ್ತದೆ. ಮನೆಯ ಅಷ್ಟೂ ನೀರನ್ನು ಬಿಟ್ಟರೆ ವಾರಕ್ಕೇ ತುಂಬುತ್ತದೆ. ಗಡಸುತನವನ್ನು ಸೊನ್ನೆಗೆ ಇಳಿಸಬೇಡಿ, ಬೈಪಾಸ್ ವಾಲ್ವಿನಿಂದ ಸ್ವಲ್ಪ ಮೂಲ ನೀರನ್ನು ಬೆರೆಸಿ 100ರ ಆಸುಪಾಸಿನಲ್ಲಿ ನಿಲ್ಲಿಸಿ, ಏಕೆಂದರೆ ತೀರಾ ಮೆದುವಾದ ನೀರು ಕೊಳವೆಯ ಲೋಹವನ್ನು ತಿನ್ನಬಹುದು. ಬಡಾವಣೆಯಾಗಿ ಒಟ್ಟಾಗಿ ಮಾಡಬಹುದಾದ ಕೆಲಸ ಬೇರೆಯೇ ಇದೆ: ಹಳೆಯ ನದಿ ನೀರನ್ನು ಅರ್ಧ ಪಾಲಾದರೂ ಬೆರೆಸಿ ಕೊಡುವಂತೆ ಪೂರೈಕೆದಾರರನ್ನು ಕೇಳುವುದು, ಇಲ್ಲವೆ ಛಾವಣಿಯ ಮಳೆನೀರನ್ನು ತೊಟ್ಟಿಗೆ ಸೇರಿಸುವುದು. ಬೆರಕೆಯಲ್ಲಿ ಗಡಸುತನ ಪಾಲಿಗೆ ತಕ್ಕಂತೆ ನೇರವಾಗಿ ಇಳಿಯುತ್ತದೆ, ಉಪ್ಪು ಬೇಕಿಲ್ಲ.

ಆರ್‌ಒ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದು ಕುಡಿಯುವ ನೀರಿನ ಉಪಕರಣ, ಗೀಸರಿಗೆ ಅದರಿಂದ ಏನೂ ಆಗದು. ಗಡಸುತನವೊಂದೇ ಕಾರಣವಾದರೆ ಕುಡಿಯುವುದಕ್ಕೂ ಅದು ಬೇಕಿಲ್ಲ. ಫ್ಲೋರೈಡ್, ನೈಟ್ರೇಟ್ ಪರೀಕ್ಷೆಗಳನ್ನು ಮಾಡಿಸಿ, ಅವು ಮಿತಿ ಮೀರಿದ್ದರೆ ಆಗ ಯೋಚಿಸಿ. ಕೊಳವೆಗೆ ಅಯಸ್ಕಾಂತ ಕಟ್ಟಿದರೆ ಗಡಸುತನ ಹೋಗುತ್ತದೆ ಎಂಬ ಜಾಹೀರಾತುಗಳಿಗೆ ಹಣ ಸುರಿಯಬೇಡಿ. ಅಯಸ್ಕಾಂತ ಕ್ಯಾಲ್ಸಿಯಮನ್ನು ನೀರಿನಿಂದ ತೆಗೆಯುವುದಿಲ್ಲ, ಹಕ್ಕಳೆ ಕಡಿಮೆಯಾಗುತ್ತದೆ ಎನ್ನುವುದಕ್ಕೂ ಪ್ರಯೋಗಗಳ ಫಲ ಒಂದರಂತೆ ಒಂದಿಲ್ಲ. ಸೌರ ಹೀಟರ್ ಕೊಳ್ಳುವ ಆಲೋಚನೆಯಿರುವವರು ಮಾತ್ರ ನಿಮ್ಮ ನೀರಿನ ವರದಿಯನ್ನು ಮೊದಲೇ ತೋರಿಸಿ, ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿಯನ್ನು ಕೇಳಬೇಕು. ಅದರಲ್ಲಿ ಬಿಸಿಲಿಗೆ ಕಾಯುವುದು ಮುಚ್ಚಿದ ಸುತ್ತಿನ ಬೇರೆ ದ್ರವ, ಗಡಸು ನೀರು ಫಲಕದ ತೆಳು ಕೊಳವೆಗಳನ್ನು ಹೊಗುವುದೇ ಇಲ್ಲ.

ಇನ್ನುಳಿದದ್ದು ನಿಮ್ಮ ಎರಡನೆಯ ಕಾಯಿಲ್ ಮೊದಲನೆಯದರ ಅರ್ಧ ಕಾಲವೂ ಬಾಳದೆ ಹೋದ ಸಂಗತಿ. ನೀರು ಆ 14 ತಿಂಗಳಲ್ಲಿ ಹೇಗಿತ್ತೋ ಮುಂದಿನ ಆರು ತಿಂಗಳಲ್ಲಿಯೂ ಹಾಗೆಯೇ ಇತ್ತು. ನನ್ನ ಅನುಮಾನ ದುರಸ್ತಿಯ ಮೇಲೆ. ಕಾಯಿಲ್‌ನಿಂದ ಕಳಚಿಬಿದ್ದ ಹಕ್ಕಳೆ ತೊಟ್ಟಿಯ ತಳದಲ್ಲಿ ಕೆಸರಿನಂತೆ ಕೂತಿರುತ್ತದೆ. ತಳ ತೊಳೆಯದೆ ಕಾಯಿಲ್ ಒಂದನ್ನೇ ಬದಲಿಸಿದರೆ ಹೊಸ ಕಾಯಿಲ್‌ನ ಕೆಳಭಾಗ ಮೊದಲ ದಿನದಿಂದಲೇ ಆ ಕೆಸರಿನಲ್ಲಿ ಹೂತುಹೋಗುತ್ತದೆ. ಮೂರನೆಯದನ್ನು ಹಾಕಿಸುವಾಗ ಎದುರಿಗೆ ನಿಂತು ತಳವನ್ನು ಪೂರ್ತಿ ಬಳಿಸಿ, ಸಿಟ್ರಿಕ್ ದ್ರಾವಣದಿಂದ ತೊಳೆಸಿ, ಕಾಯಿಲ್ ಪಕ್ಕದಲ್ಲಿಯೇ ಇದ್ದು ತೊಟ್ಟಿಯನ್ನು ತುಕ್ಕಿನಿಂದ ಕಾಯುವ ಆ್ಯನೋಡ್ ಕಡ್ಡಿ ಸವೆದಿದ್ದರೆ ಅದನ್ನೂ ಬದಲಿಸಲು ಹೇಳಿ. ಆಮೇಲೆ ವರ್ಷಕ್ಕೊಮ್ಮೆ, ಕಾಯಿಲ್ ಚೆನ್ನಾಗಿಯೇ ಇದ್ದರೂ, ಗೀಸರನ್ನು ಬಿಚ್ಚಿಸಿ ತಳದಿಂದ ಎಷ್ಟು ಕಲ್ಲು ಬಂತೆಂದು ತೂಗಿ ಬರೆದಿಡಿ. ಥರ್ಮೋಸ್ಟಾಟ್ ಇಳಿಸಿದ್ದು ಎಷ್ಟು ಫಲ ಕೊಟ್ಟಿತು, ಸಾಫ್ಟನರ್ ನಿಮ್ಮ ಮನೆಗೆ ಬೇಕೆ ಬೇಡವೆ ಎಂಬುದನ್ನು ಆ ತೂಕವೇ ಹೇಳುತ್ತದೆ.